ಹಿತ್ತಲ ಪುಂಡಿ

ಸಲಿಕೆಯ ಹಿಡಿಯಿಂದ ಮನುಷ್ಯನ ಮೊಣಕಾಲಿಗೆ ಹೊಡೆದರೆ ಬರುವ ಸದ್ದನ್ನು ನಾನು ಮರೆತಿಲ್ಲ. ಹೊಡೆದವನು ನಾನೇ. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಹಿತ್ತಲಲ್ಲಿ, ಮಟಮಟ ಮಧ್ಯಾಹ್ನ, ಪಲ್ಯದ ಗಿಡಕ್ಕಾಗಿ.

ಆ ಬೇಸಿಗೆ ಹೆಂಡತಿಗೆ ಕೀಮೋ ನಡೆಯುತ್ತಿತ್ತು. ನೀರು ಕುಡಿದರೂ ಕರುಳು ಕಿತ್ತು ಬರುವಂಥ ವಾಂತಿ. ತೂಕ ಹೀಗೇ ಇಳಿದರೆ ಮುಂದಿನ ಡೋಸ್ ಕೊಡಲಾಗದು ಎಂದರು ಡಾಕ್ಟರು. ಗಾಂಜಾದಿಂದ ವಾಂತಿ ತಗ್ಗಬಹುದು, ರೋಗ ಮಾತ್ರ ವಾಸಿಯಾಗದು ಎಂದೂ ಹೇಳಿದರು. ನಮ್ಮ ಮಿಶಿಗನ್ ರಾಜ್ಯದಲ್ಲಿ ರೋಗಿಯ ಹೆಸರಿನಲ್ಲಿ ಗಾಂಜಾ ಕಾರ್ಡ್ ಮಾಡಿಸಿಕೊಂಡರೆ ಮನೆಯಲ್ಲೇ ಬೆಳೆಯಬಹುದು. ಬೇಸ್‌ಮೆಂಟಿನಲ್ಲಿ ದೀಪ ಕಟ್ಟಿ, ಬೀಗ ಹಾಕಿ, ಹತ್ತು ಗಿಡ ಬೆಳೆಸಿದೆ. ಗಂಡು ಗಿಡ ಕಂಡ ದಿನವೇ ಬುಡಸಮೇತ ಕೀಳಬೇಕು. ಬಿಟ್ಟರೆ ಹೆಣ್ಣು ಹೂವೆಲ್ಲ ಬೀಜ ಕಟ್ಟಿ ಕೆಡುತ್ತವೆ. ಆಸ್ಪತ್ರೆಯಿಂದ ಬಂದ ದಿನ ಕಿತ್ತೆಸೆಯಲು ಏನಾದರೂ ಸಿಕ್ಕರೆ ನನಗೆ ಸಮಾಧಾನವಾಗುತ್ತಿತ್ತು.

ಸೊಸೆಯ ಆರೈಕೆಗೆಂದು ಹುನಗುಂದದಿಂದ ಬಂದ ಅವ್ವ ಆ ಗಿಡಗಳನ್ನು ನೋಡಿ, "ಪುಂಡಿ ಯಾಕ ಒಳಗ ಕೀಲಿ ಹಾಕಿ ಇಟ್ಟೀಯೋ? ಬಿಸಲಿಗೆ ಹಚ್ಚಬಾರದೇನ?" ಎಂದಳು. ನಮ್ಮ ಕಡೆ ಪಲ್ಯ ಮಾಡುವ ಹುಳಿಸೊಪ್ಪು ಪುಂಡಿಯ ಎಲೆಯೂ ಹಾಗೆಯೇ, ಬೆರಳು ಬಿಡಿಸಿದ ಅಂಗೈ. ಗಾಂಜಾ ಎಂದು ತಿಳಿದಾಗ, "ಸೊಸಿಗೆ ಬೈರಾಗಿ ಸೊಪ್ಪ ತಿನಸ್ತೀ?" ಎಂದು ಹಣೆ ಬಡಿದುಕೊಂಡಳು. ಸೀರೆಯ ಮಡಿಕೆಯಲ್ಲಿ ತಂದಿದ್ದ ನಿಜವಾದ ಪುಂಡಿ ಬೀಜವನ್ನು ಹಿತ್ತಲಿಗೆ ಚೆಲ್ಲಿದಳು.

ಗಾಂಜಾ ಹೂವಿನಿಂದ ತೆಗೆದ ಎಣ್ಣೆಯನ್ನು ನಾಲಿಗೆಯ ಕೆಳಗೆ ಇಟ್ಟ ಮೇಲೆ ಹೆಂಡತಿಯ ವಾಂತಿ ತಗ್ಗಿತು. ಹಸಿವಾದಾಗ ಅವಳು ಬಯಸಿದ್ದು ಹುಳಿ ಹುಳಿ ಪುಂಡಿ ಪಲ್ಯ, ಅದೂ ನನ್ನ ಕೈಯ ತುತ್ತು. ಬೇರೆ ಯಾರು ತಿನ್ನಿಸಿದರೂ ಒಲ್ಲೆ ಎನ್ನುತ್ತಿದ್ದಳು.

ಪುಂಡಿ ಆಳೆತ್ತರ ಬೆಳೆದು ಬೇಲಿಯಾಚೆಗೆ ಕಾಣತೊಡಗಿತು. ಒಂದು ದಿನ ಇಬ್ಬರು ಬೇಲಿ ಹಾರಿ ಬಂದು, ಗಾಂಜಾ ಎಂದುಕೊಂಡು ಕೀಳತೊಡಗಿದರು. ಅಡ್ಡ ಬಂದ ಅವ್ವನನ್ನು ಒಬ್ಬ ದಬ್ಬಿದ. ಅವಳ ಹಣೆ ಮೆಟ್ಟಿಲಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ನಾನು ಸಲಿಕೆ ಎತ್ತಿಕೊಂಡೆ. ಮೊಣಕಾಲಿಗೆ ಕೊಟ್ಟ ಮೊದಲ ಏಟಿಗೇ ದಬ್ಬಿದವನು ಬಿದ್ದ, ಜೊತೆಗಿದ್ದವನು ಓಡಿದ. ಬಿದ್ದವನು "ಸಾರಿ, ಸಾರಿ" ಎನ್ನುತ್ತಿದ್ದ.

"ಪುಂಡಿ ಅದ ಅದು! ತಿನ್ನೂ ಪಲ್ಯ!" ಎಂದು ಕನ್ನಡದಲ್ಲೇ ಕಿರುಚುತ್ತ ಪಕ್ಕೆಗೆ, ಬೆನ್ನಿಗೆ ಬಾರಿಸಿದೆ. ರೋಗ ಗೊತ್ತಾದಂದಿನಿಂದ ಕೂಡಿಟ್ಟ ಎಂಟು ತಿಂಗಳ ಸಿಟ್ಟಿಗೆ ಕೊನೆಗೂ ಒಂದು ಮೈ ಸಿಕ್ಕಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

"ಬಿಡ್ರೀ, ಸಾಯ್ತಾನ ಅಂವ!"

ಹೆಂಡತಿ ಹಾಸಿಗೆಯಿಂದೆದ್ದು, ಗೋಡೆ ಹಿಡಿದು ಬಾಗಿಲಿಗೆ ಬಂದಿದ್ದಳು. ನಾನು ನಿಂತೆ. ಅವನು ತೆವಳುತ್ತ ಗೇಟು ದಾಟಿದ. ಪೊಲೀಸರಿಗೆ ಯಾರೂ ಫೋನ್ ಮಾಡಲಿಲ್ಲ.

ಸಂಜೆ ಅವ್ವ ಹಣೆಗೆ ಪಟ್ಟಿ ಕಟ್ಟಿಕೊಂಡೇ ತುಳಿದ ಗಿಡಗಳಿಂದ ಎಲೆ ಆಯ್ದು ಪಲ್ಯ ಮಾಡಿದಳು. ನಾನು ಕೈ ಮೂರು ಸಲ ತೊಳೆದು, ರೊಟ್ಟಿ ಮುರಿದು ತುತ್ತು ಮುಂದೆ ಹಿಡಿದೆ. ಹೆಂಡತಿ ನನ್ನ ಬೆರಳುಗಳನ್ನೇ ನೋಡಿದಳು.

"ನಿಮ್ಮ ಕೈಲೆ ಬ್ಯಾಡ್ರಿ. ಅತ್ತಿ ತಿನಸ್ಲಿ."

ಅವ್ವನ ಕೈಯಿಂದ ಅರ್ಧ ರೊಟ್ಟಿ ತಿಂದಳು. ವಾಂತಿಯಾಗಲಿಲ್ಲ. ಮುಂದಿನ ಡೋಸ್ ತಪ್ಪಲಿಲ್ಲ. ನನ್ನ ಕೈಯ ತುತ್ತನ್ನು ಮಾತ್ರ ಅವಳು ಮತ್ತೆಂದೂ ಕೇಳಲಿಲ್ಲ.