ಮೂವತ್ತಾರು ಬಾಗಿಲು ತಟ್ಟುವ ಕ್ಲೊಟಿಲ್ಡಾ ಬಾಯಿ

ಬೆಳಿಗ್ಗೆ ಐದೂವರೆ. ಕೊಲ್ಲಿ ನಾಡಿನ ಬುಸೈತೀನ್ ಊರಿನ ಬೀದಿಯಲ್ಲಿ ನಮಾಜು ಮುಗಿಸಿ ಬರುವವರ ಚಪ್ಪಲಿ ಸದ್ದು ಇನ್ನೂ ಅಡಗಿಲ್ಲ. ‘ದಾರ್ ಅಲ್ ನಖ್ಲಾ’ ಎಂಬ ಮೂರಂತಸ್ತಿನ ಕಟ್ಟಡದ ಒಂದನೇ ನಂಬರಿನ ಬಾಗಿಲ ಮುಂದೆ ಕ್ಲೊಟಿಲ್ಡಾ ಬಾಯಿ ನಿಂತು, ಬಲಗೈಯ ನಡುಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತಾರೆ. ಆ ತಟ್ಟಿಗೆ ಏಳದ ಜೀವ ಮುಹರ್ರಕ್ ದ್ವೀಪದಲ್ಲೇ ಇಲ್ಲ. ಆಚೆ ವಿಮಾನ ನಿಲ್ದಾಣದಲ್ಲಿ ತೂಕಡಿಸುತ್ತಿದ್ದ ವಿಮಾನಗಳು ಬೆಚ್ಚಿಬಿದ್ದು, ದೋಹಾ, ದುಬೈ ಎಂದು ಸಿಕ್ಕ ಕಡೆ ಹಾರುತ್ತವೆ.

“ಸಬಾಹಲ್ ಖೈರ್, ಅಬು ರಾಶಿದ್!”

ಒಳಗಿನಿಂದ ಮೊದಲು ಕೆಮ್ಮು ಬರುತ್ತದೆ, ಹಿಂದೆಯೇ ಉತ್ತರ: “ಅಲ್‌ಹಮ್ದುಲಿಲ್ಲಾ!” ದೇವರ ದಯೆ, ಎಲ್ಲ ಸರಿಯಿದೆ ಎಂದು ಅರ್ಥ. ಬೇರೆಯವರಾದರೆ ಇಷ್ಟಕ್ಕೇ ಮುಂದಿನ ಬಾಗಿಲಿಗೆ ನಡೆಯುತ್ತಿದ್ದರು. ಕ್ಲೊಟಿಲ್ಡಾ ಕದಲುವುದಿಲ್ಲ. ಬಾಗಿಲು ತೆರೆದು, ಮನುಷ್ಯ ಎರಡು ಕಾಲ ಮೇಲೆ ನಿಂತದ್ದನ್ನು ಕಣ್ಣಾರೆ ಕಾಣಬೇಕು.

“ಮುದುಕರ ಬಾಯಿ ನಂಬ್ಲಿಕ್ಕಿಲ್ಲ ಮಾರಾಯ್ರೆ. ನಾನು ಕಾಲು ನೋಡುವುದು” ಎನ್ನುತ್ತಾರೆ ಅವರು, ಎರಡನೇ ನಂಬರಿನ ಕಡೆ ಹೊರಳುತ್ತ.

ದಾರ್ ಅಲ್ ನಖ್ಲಾ ಆಸ್ಪತ್ರೆಯಲ್ಲ, ಆಶ್ರಮವೂ ಅಲ್ಲ. ಹತ್ತಿರದವರು ಯಾರೂ ಇಲ್ಲದ ಹಿರಿಯರಿಗೆ ಊರಿನ ಪೌರ ಮಂಡಳಿ ಕಡಿಮೆ ಬಾಡಿಗೆಗೆ ಕೊಟ್ಟಿರುವ ಪುಟ್ಟ ಪುಟ್ಟ ಮನೆಗಳು. ಪ್ರತಿಯೊಬ್ಬರಿಗೂ ಅವರದೇ ಬೀಗ, ಅವರದೇ ಒಲೆ, ಅವರದೇ ಮುಂಗೋಪ. ಅವರೆಲ್ಲರನ್ನೂ ದಿನಕ್ಕೊಮ್ಮೆ ಕಣ್ಣಲ್ಲಿ ಕಂಡು, ಬಿಪಿ ನೋಡಿ, ಮಾತ್ರೆ ನೆನಪಿಸಿ, ಗ್ಯಾಸಿನ ಕಿವಿ ತಿರುಗಿಸಿದ್ದಾರೋ ಇಲ್ಲವೋ ಮುಟ್ಟಿ ನೋಡುವುದು ಹನ್ನೆರಡು ವರ್ಷ ಕ್ಲೊಟಿಲ್ಡಾ ಅವರೊಬ್ಬರದೇ ಕೆಲಸವಾಗಿತ್ತು. ಮೂವತ್ತಾರು ಬಾಗಿಲು. ಒಂಬತ್ತು ಜನರಿಗೆ ಕಣ್ಣಿನ ಹನಿ. ಏಳು ಜನರಿಗೆ ಇನ್ಸುಲಿನ್. ಏರಲು ನಲವತ್ತನಾಲ್ಕು ಮೆಟ್ಟಿಲು. ಅಷ್ಟೂ ವರ್ಷ ಹತ್ತಿದ್ದನ್ನು ಕೂಡಿಸಿದರೆ ಎವರೆಸ್ಟನ್ನು ನಾಲ್ಕು ಸಲ ಏರಿದ ಲೆಕ್ಕ. ಎವರೆಸ್ಟ್ ಹತ್ತಿದವರಿಗೆ ಹಾರ ಹಾಕುತ್ತಾರೆ. ಅವರಲ್ಲಿ ಒಬ್ಬರೂ ಕಂಕುಳಲ್ಲಿ ಬಿಪಿ ಯಂತ್ರ, ಕೈಯಲ್ಲಿ ಕೀಲಿಗೊಂಚಲು ಹಿಡಿದು ಹತ್ತಿದ್ದಿಲ್ಲ.

ಕ್ಲೊಟಿಲ್ಡಾ ಶಿರ್ವದವರು. 1995ರಲ್ಲಿ ರಿಫಾದ ಒಂದು ದೊಡ್ಡ ಮನೆಗೆ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲು ಬಂದರು. ಅರಬ್ಬಿ ಕಲಿತದ್ದು ಆ ಅಜ್ಜಿಯ ಬಾಯಿಂದಲೇ. ಹಾಗಾಗಿ ಅವರದು ಮುತ್ತಿಗಾಗಿ ಕಡಲಿಗಿಳಿಯುತ್ತಿದ್ದವರ ಕಾಲದ ಅರಬ್ಬಿ. ಅವರು ಬ್ಯಾಂಕಿಗೆ ಹೋಗಿ ಎರಡು ಮಾತಾಡಿದರೆ ಕೌಂಟರಿನ ಹುಡುಗಿಯರು ನಗುತ್ತಾರೆ, ಸಾಲಿನಲ್ಲಿ ನಿಂತ ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಅಜ್ಜಿ ಕಣ್ಣು ಮುಚ್ಚಿದ ಮೇಲೆ ಅದೇ ಮನೆಯವರ ಮಾತಿನ ಮೇಲೆ 2001ರಲ್ಲಿ ಇಲ್ಲಿಯ ಕೆಲಸ ಸಿಕ್ಕಿತು. ಕೆಳಗೆ, ಒಂದನೇ ನಂಬರಿನ ಪಕ್ಕದ ಮೂಲೆಯ ಕೋಣೆಯಲ್ಲಿ ವಾಸ. ಗಂಡ ರೊಕಿ ಹೂರಾದ ಹೋಟೆಲೊಂದರ ಲಾಂಡ್ರಿಯಲ್ಲಿದ್ದಾರೆ. “ಊರಿನವರನ್ನೆಲ್ಲ ಎಬ್ಬಿಸ್ತಾಳೆ, ನನ್ನನ್ನು ಮಾತ್ರ ಅಲಾರಾಂ ಎಬ್ಬಿಸುವುದು” ಎಂಬುದು ಅವರ ಹದಿಮೂರು ವರ್ಷದ ದೂರು.

ಇಂಥ ಕ್ಲೊಟಿಲ್ಡಾ ಅವರ ತಟ್ಟು ಕಳೆದ ವರ್ಷ ನಿಂತೇ ಹೋಗುವುದರಲ್ಲಿತ್ತು.

2013ರ ಮಾರ್ಚಿನಲ್ಲಿ ಪೌರ ಮಂಡಳಿ ತನ್ನ ಬಾಡಿಗೆದಾರರಿಗೆ ಸಿಗುವ ನೆರವನ್ನೆಲ್ಲ ಮರುಪರಿಶೀಲಿಸಲು ಹೊರಟಿತು. ಯಾವುದು ಬೇಕು, ಯಾವುದು ಬೇಡ ಎಂದು ಹೇಳುವ ಕೆಲಸ ಒಂದು ಸಲಹಾ ಕಂಪನಿಗೆ ಹೋಯಿತು. ಕಂಪನಿ ಕಳಿಸಿದ್ದು ದಾವಣಗೆರೆಯಿಂದ ಬಂದು ಬರೀ ಮೂರು ತಿಂಗಳಾಗಿದ್ದ ವಿಕಾಸ್ ಎಂಬ ಲೆಕ್ಕಿಗನನ್ನು. ಜೊತೆಗೆ ಭಾಷಾಂತರಕ್ಕೆ ಕಂಪನಿಯ ಡ್ರೈವರ್ ಇಸ್ಮಾಯಿಲ್, ಮಂಗಳೂರಿನ ಬ್ಯಾರಿ, ಆರು ಭಾಷೆಯಲ್ಲಿ ತಮಾಷೆ ಮಾಡಬಲ್ಲವರು. ವಿಕಾಸ್ ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಫಾರಂ ಇತ್ತು. ನಿಮಗೆ ನಡೆಯಲು ಕಷ್ಟವೇ? ನಿಮಗೆ ದಿನಾ ಯಾರಾದರೂ ಬಂದು ನೋಡುವುದು ಬೇಕೇ?

ಎರಡನೇ ನಂಬರಿನ ಉಮ್ ಈಸಾ ಎಂಬ ಎಂಬತ್ತರ ಅಜ್ಜಿ ಪ್ರಶ್ನೆಗೊಂದು ಬಟ್ಟಲಿನಂತೆ ಗಹ್ವಾ ಎಂಬ ಅರಬ್ಬಿ ಕಾಫಿ ಬಗ್ಗಿಸಿದರು. ಸಾಕಾದರೆ ಪುಟ್ಟ ಬಟ್ಟಲನ್ನು ಒಮ್ಮೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ ಎಂದು ವಿಕಾಸ್‌ಗೆ ಗೊತ್ತಿಲ್ಲ. ನಲವತ್ತೆರಡು ಬಟ್ಟಲು ಕುಡಿದ. ಮೂರು ದಿನ ರೆಪ್ಪೆಗೆ ರೆಪ್ಪೆ ತಾಗಲಿಲ್ಲ. ಆ ಮೂರು ದಿನದ ನಿದ್ದೆಗೇಡಿನಲ್ಲಿಯೇ ವರದಿಯ ಅರ್ಧ ಬರೆದು ಮುಗಿಸಿದ ಎನ್ನುತ್ತಾರೆ.

“ಅಲ್ಲಾಡಿಸ್ಬೇಕು ಅಂತ ಹೇಳ್ಬಾರ್ದಿತ್ತಾ ಇಸ್ಮಾಯಿಲ್ ಭಾಯ್?” ಎಂದು ಕೇಳಿದ್ದಕ್ಕೆ ಇಸ್ಮಾಯಿಲ್ ಅಂದರಂತೆ, “ನೀವು ಖುಷಿಯಲ್ಲಿ ಕುಡೀತಾ ಇದ್ರಿ ಸಾರ್. ಬ್ಯಾರಿ ಮನೆತನದವ ನಾನು, ಉಣ್ಣುವವರ ಕೈ ಹಿಡೀಲಿಕ್ಕುಂಟಾ?”

ವಿಕಾಸ್ ಕೆಟ್ಟವನಲ್ಲ. ಕರಡು ವರದಿಯನ್ನು ಮಂಡಳಿಗೆ ಕಳಿಸುವ ಮೊದಲು ಕ್ಲೊಟಿಲ್ಡಾ ಅವರ ಕೋಣೆಗೆ ಬಂದು ಎದುರು ಕೂತ.

“ಬಾಳ ಬೇಜಾರ್ ಐತಿ ಮೇಡಂ. ಆದ್ರ ನಂಬರ್ ನೋಡ್ರಿ. ಮೂವತ್ತಾರ್ರಾಗ ಮೂವತ್ತೈದು ಮಂದಿ ಏನೂ ಸಹಾಯ ಬ್ಯಾಡ ಅಂದಾರ.”

“ಆ ಒಬ್ಬರು ಎಂತ ಬೇಕು ಅಂದದ್ದು?”

“ಟಿವಿ ರಿಮೋಟ್ ಕೆಟ್ಟೈತಿ ಅಂದ್ರು.”

ಶಿಫಾರಸು ಎರಡೇ ಸಾಲು. ಪ್ರತಿ ಮಂಚದ ಪಕ್ಕ ಗಂಟೆ ಬಾರಿಸುವ ಹಗ್ಗ ಕಟ್ಟುವುದು, ಬೇಕಾದವರು ಎಳೆಯುವುದು. ಬೆಳಗಿನ ಸುತ್ತನ್ನು ನಿಲ್ಲಿಸುವುದು. ಸುತ್ತು ನಿಂತರೆ ಕ್ಲೊಟಿಲ್ಡಾ ಅವರ ವೀಸಾ ನಿಲ್ಲುತ್ತದೆ. ಮಂಡಳಿಯ ಸಭೆಗೆ ಉಳಿದದ್ದು ಆರು ದಿನ.

ಕ್ಲೊಟಿಲ್ಡಾ ಅಳಲಿಲ್ಲ. ಬೀನ್ಸ್ ನಾರು ತೆಗೆಯುತ್ತಿದ್ದವರು ಚಾಕು ಕೆಳಗಿಟ್ಟರು. “ಸಹಾಯ ಬೇಕು ಅಂತ ಬಾಯಲ್ಲಿ ಹೇಳದವರು ಹಗ್ಗ ಎಳೀತಾರಾ ಸರ್?” ಎಂದು ಕೇಳಿ, 2006ರ ಕಥೆ ಹೇಳಿದರು. ಆ ವರ್ಷ ತಾಯಿ ತೀರಿಕೊಂಡು ಅವರು ಹತ್ತು ದಿನ ಶಿರ್ವಕ್ಕೆ ಹೋಗಿದ್ದರು. ಬದಲಿಗೆ ಬಂದವನು ಅಬು ರಾಶಿದ್ ಬಾಗಿಲು ತಟ್ಟಿ ಚೆನ್ನಾಗಿದ್ದೀರಾ ಎಂದ. ಅಲ್‌ಹಮ್ದುಲಿಲ್ಲಾ ಎಂದು ಉತ್ತರ ಬಂತು, ಹೋದ. ಅಬು ರಾಶಿದ್ ಆ ಮಾತು ಹೇಳಿದ್ದು ಸೊಂಟ ಮುರಿದು ಬಚ್ಚಲಿನ ನೆಲದ ಮೇಲೆ ಬಿದ್ದುಕೊಂಡು. ಎಂಟು ಗಂಟೆ ಹಾಗೆಯೇ ಬಿದ್ದಿದ್ದರು. ನಾಲ್ಕು ಜನ ಬಾಗಿಲಲ್ಲಿ ಕೇಳಿದರು. ನಾಲ್ವರಿಗೂ ಅದೇ ಮರ್ಯಾದೆಯ ಉತ್ತರ.

“ಕೊನೆಗೆ ಪಕ್ಕದ ಉಮ್ ಈಸಾಗೆ ಗೊತ್ತಾಯ್ತು. ಮಧ್ಯಾಹ್ನ ಆದ್ರೂ ಗೋಡೆಯಾಚೆಯಿಂದ ಮೀನು ಹುರಿಯುವ ವಾಸನೆ ಬರಲಿಲ್ಲ ಅಂತ...” ಕ್ಲೊಟಿಲ್ಡಾ ಮಾತು ಅರ್ಧಕ್ಕೆ ನಿಂತಿತು. ಚರಿತ್ರೆಯ ದೊಡ್ಡ ದೊಡ್ಡ ಸೇನಾಪತಿಗಳಿಗೆ ಯುದ್ಧದ ಹಿಂದಿನ ದಿನ ಹೊಳೆದ ಉಪಾಯಗಳೆಲ್ಲ ಆ ಕ್ಷಣಕ್ಕೆ ಸಪ್ಪೆಯಾದವು.

“ಸರ್, ನಿಮ್ಮ ಅಮ್ಮ ಊರಲ್ಲಿ ಇದ್ದಾರಲ್ಲ? ನಿಮಗೆ ಎಂತಾದ್ರೂ ಕಷ್ಟ ಉಂಟಾ ಅಂತ ಯಾರಾದ್ರೂ ಫಾರಂ ಹಿಡ್ಕೊಂಡು ಹೋಗಿ ಕೇಳಿದ್ರೆ ಎಂತ ಹೇಳ್ತಾರೆ?”

“ಏನಿಲ್ಲಪ್ಪ, ಆರಾಮದೀನಿ ಅಂತಾಳ.”

“ಪಕ್ಕದ ಮನೆಯವರಿಗೆ ಕಷ್ಟ ಉಂಟಾ ಅಂತ ಕೇಳಿದ್ರೆ?”

ವಿಕಾಸ್ ತೊಡೆ ತಟ್ಟಿಕೊಂಡು ನಕ್ಕ. “ಎಲ್ಡ್ ತಾಸು ಬಿಡಂಗಿಲ್ರೀ ಅಕ್ಕಾರ!”

ಅಲ್ಲಿಯ ತನಕ ‘ಮೇಡಂ’ ಆಗಿದ್ದವರು ‘ಅಕ್ಕಾರು’ ಆದದ್ದು ಆ ಮಾತಿನಿಂದ.

ನಲವತ್ತೆರಡು ಪ್ರಶ್ನೆ ಮೂಲೆಗೆ ಬಿದ್ದವು. ಒಂದೇ ಪ್ರಶ್ನೆ ಹಿಡಿದು ವಿಕಾಸ್ ಮತ್ತು ಇಸ್ಮಾಯಿಲ್ ಮರುದಿನ ಹೊರಟರು. ನೀವೂ ಬನ್ನಿ ಎಂದರೆ ಕ್ಲೊಟಿಲ್ಡಾ ಒಪ್ಪಲಿಲ್ಲ. “ನನ್ನ ಮುಖ ನೋಡಿ ಹೇಳಿದ್ದು ಅಂತ ಆಗ್ಬಾರ್ದು” ಎಂದು ಬಾಗಿಲು ಹಾಕಿಕೊಂಡು ಕೂತರು. ಎರಡು ಕಿಲೋ ಬೀನ್ಸಿನ ನಾರು ತೆಗೆದರು. ಆ ವಾರವೆಲ್ಲ ರೊಕಿಗೆ ಬೀನ್ಸ್ ಪಲ್ಯವೇ ಗತಿ.

ಹೊರಗೆ ಅಣೆಕಟ್ಟು ಒಡೆದಿತ್ತು. ಅಬು ರಾಶಿದ್‌ಗೆ ಎಡಗಣ್ಣು ಕಾಣುವುದಿಲ್ಲ, ಗೋಡೆ ಸವರಿಕೊಂಡು ಓಡಾಡುತ್ತಾರೆ ಎಂದು ಉಮ್ ಈಸಾ ಹೇಳಿದರು. ಉಮ್ ಈಸಾ ಚಹಾಕ್ಕೆ ಉಪ್ಪು ಹಾಕುತ್ತಾರೆ, ಗ್ಯಾಸು ಹಾಗೇ ಬಿಡುತ್ತಾರೆ, ಅದಕ್ಕೇ ತಾನು ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ದಿನಾ ಸಂಜೆ ಹೋಗಿ ನೋಡಿ ಬರುವುದು ಎಂದು ಅಬು ರಾಶಿದ್ ಹೇಳಿದರು. ಅವರ ಮನೆಯಲ್ಲಿ ಉಮ್ ಈಸಾ ಕೊಟ್ಟ ಬೆಂಕಿಪೊಟ್ಟಣ ನಾನೂರು ಇದ್ದವು. ಮೇಲಿನ ಮಹಡಿಯವರು ಇನ್ನೂ ಉದಾರಿಗಳು, ಎರಡೂ ಪಕ್ಕದವರದ್ದು ಹೇಳಿ, ಎದುರಿನವರದ್ದನ್ನು ಪುಕ್ಕಟೆ ಸೇರಿಸಿದರು. ಐದು ನೋಟ್‌ಬುಕ್ ತುಂಬಿದವು, ಎಂಟು ಪೆನ್ನು ಪ್ರಾಣ ಬಿಟ್ಟವು. ಇಸ್ಮಾಯಿಲ್ ಗಂಟಲು ಕೂತು ಎರಡು ದಿನ ಆರು ಭಾಷೆಯಲ್ಲೂ ಮೌನಿಯಾದರು. ವಿಕಾಸ್ ಮಾತ್ರ ಪ್ರತಿ ಮನೆಯಲ್ಲೂ ಒಂದೇ ಬಟ್ಟಲು ಕುಡಿದು, ಗಿಲಕಿಯಂತೆ ಅಲ್ಲಾಡಿಸಿ ಬಂದ.

ಸಭೆ ಸೇರಿದ್ದು ದಾರ್‌ನ ಅಂಗಳದಲ್ಲಿಯೇ. ಮಂಡಳಿಯ ಅಧ್ಯಕ್ಷರು ಎರಡೂ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಎರಡು ವಾರದ ಹಿಂದೆ ಬೇಡ, ಈಗ ಬೇಕು, ಯಾವುದನ್ನು ನಂಬುವುದು? ತಾವೇ ಕೇಳುತ್ತೇನೆ ಎಂದು ಎದ್ದು ನಿಂತರು. “ಈ ಬೆಳಗಿನ ಸುತ್ತು ನಿಮ್ಮಲ್ಲಿ ಯಾರಿಗೆ ಬೇಕು?”

ಒಂದು ಕೈಯೂ ಮೇಲೇಳಲಿಲ್ಲ. ಮೂವತ್ತಾರು ಗದ್ದಗಳು ಮಾತ್ರ ಗತ್ತಿನಿಂದ ಮೇಲೆದ್ದವು. ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ ಕ್ಲೊಟಿಲ್ಡಾ ಮನಸ್ಸಿನಲ್ಲೇ ಶಿರ್ವಕ್ಕೆ ಪೆಟ್ಟಿಗೆ ಕಟ್ಟತೊಡಗಿದರು.

ಇಸ್ಮಾಯಿಲ್ ಅಧ್ಯಕ್ಷರ ಕಿವಿಯಲ್ಲಿ ಏನೋ ಅಂದರು. ಅಧ್ಯಕ್ಷರು ಮತ್ತೆ ಕೇಳಿದರು: “ನಿಮ್ಮ ಪಕ್ಕದ ಮನೆಯವರಿಗೆ?”

ಮೂವತ್ತಾರು ಕೈ ಒಮ್ಮೆಗೇ ಮೇಲೆದ್ದವು. ಕೆಲವರು ಎರಡೂ ಕೈ ಎತ್ತಿದರು, ಕೆಲವರು ಊರುಗೋಲು ಎತ್ತಿದರು. ಎದ್ದ ಗಾಳಿಗೆ ಅಧ್ಯಕ್ಷರ ಕಾಗದಗಳು ಸೌದಿ ಸೇತುವೆಯ ತನಕ ಹಾರಿದವು.

ಎಲ್ಲರ ಕೈ ಇಳಿದರೂ ಅಬು ರಾಶಿದ್ ಕೈ ಇಳಿಯಲಿಲ್ಲ. “ನನಗೆ ಇನ್ನೊಂದು ಪಕ್ಕದಲ್ಲೂ ಒಬ್ಬಳಿದ್ದಾಳೆ” ಎಂದು ಕಂಬದ ಕಡೆ ಬೆರಳು ತೋರಿಸಿದರು. “ಅವಳ ಬಲಮಂಡಿ ಕೆಟ್ಟು ಎರಡು ವರ್ಷವಾಯಿತು. ಕಣ್ಣು ಕಾಣದಿದ್ದರೇನು, ಕಿವಿ ಇದೆಯಲ್ಲ. ಹನ್ನೊಂದು ಮೆಟ್ಟಿಲು ಹತ್ತುತ್ತಾಳೆ, ಆಮೇಲೆ ಸದ್ದಿಲ್ಲ. ಕೇಳಿದರೆ ಬಲ್ಬ್ ನೋಡುತ್ತಿದ್ದೆ ಎನ್ನುತ್ತಾಳೆ. ಅವಳ ಬಾಗಿಲು ತಟ್ಟುವವರು ಯಾರು?”

ಅಧ್ಯಕ್ಷರು ತಿರುಗಿದರು. “ಹೌದಾ ಅಮ್ಮ? ನಿಮಗೇನಾದರೂ ಸಹಾಯ ಬೇಕಾ?”

“ಅಲ್‌ಹಮ್ದುಲಿಲ್ಲಾ,” ಕ್ಲೊಟಿಲ್ಡಾ ಬಾಯಿಂದ ತಾನಾಗಿ ಬಂತು, “ನನಗೆಂಥದ್ದೂ ಬೇಡ.”

ಅಂಗಳ ಬಿದ್ದು ಬಿದ್ದು ನಕ್ಕಿತು. ಖರ್ಜೂರದ ಮರ ಕಾಲ ಮರೆತು ಕಾಯಿ ಉದುರಿಸಿತು. ಉಮ್ ಈಸಾ ನಗುತ್ತ ನಗುತ್ತ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಂಡರು. ಕ್ಲೊಟಿಲ್ಡಾ ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿ, ಸಿಗದೆ, ಕೈಯಲ್ಲೇ ಮುಖ ಮುಚ್ಚಿಕೊಂಡರು.

ಬೆಳಗಿನ ಸುತ್ತು ಈಗ ದಾರ್‌ನ ನಿಯಮಾವಳಿಯಲ್ಲೇ ಬರೆದಾಗಿದೆ. ಮೆಟ್ಟಿಲಿಗೆ ಹಿಡಿಗಂಬಿ ಬಂದಿದೆ. ಮೇಲಿನ ಎರಡು ಮಹಡಿಗೆ ಕಿನ್ನಿಗೋಳಿಯ ಎವ್ಲಿನ್ ಎಂಬ ಎರಡನೇ ಸಹಾಯಕಿ ಬಂದಿದ್ದಾರೆ. ಹಗ್ಗಗಳನ್ನೂ ಕಟ್ಟಿದ್ದಾರೆ, ಅಜ್ಜಂದಿರು ಅದರ ಮೇಲೆ ಟವೆಲ್ ಒಣಗಿಸುತ್ತಾರೆ. ಪಕ್ಕದ ಮನೆಯ ಪ್ರಶ್ನೆಯನ್ನು ವಿಕಾಸ್ ಈಗ ಹೋದ ಕಟ್ಟಡದಲ್ಲೆಲ್ಲ ಮೊದಲು ಕೇಳುತ್ತಾನಂತೆ. ವರದಿಯಲ್ಲಿ ನಿಮ್ಮ ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ ಕ್ಲೊಟಿಲ್ಡಾ, “ಹೆಸರು ಎಂತಕ್ಕೆ? ಸ್ಪೆಲ್ಲಿಂಗ್ ಉದ್ದ ಉಂಟು, ಕಾಗದ ದಂಡ” ಎಂದರಂತೆ.

ಈಗ ಅವರ ಪಾಲಿಗೆ ಕೆಳಗಿನ ಹನ್ನೆರಡೇ ಬಾಗಿಲು. ಮುಗಿಸಿ ಮೆಟ್ಟಿಲ ಬುಡದಲ್ಲಿ ಚಹಾದ ಲೋಟ ಹಿಡಿದು ನಿಲ್ಲುತ್ತಾರೆ. ಮೇಲೆ ಎವ್ಲಿನ್ ತಟ್ಟುವುದು ಕೇಳಿಸುತ್ತದೆ. ಇಪ್ಪತ್ತನಾಲ್ಕೂ ಬಾಗಿಲು ತೆರೆದ ಸದ್ದು ಬಂದ ಮೇಲೆಯೇ ಮೊದಲ ಗುಟುಕು.

“ಇನ್ನೊಂದು ಐದು ವರ್ಷ ಇಲ್ಲಿ” ಎನ್ನುತ್ತಾರೆ ಆರಿದ ಚಹಾ ಕುಡಿಯುತ್ತ. “ಆಮೇಲೆ ಶಿರ್ವ. ನಮ್ಮ ವಾಡೆಯಲ್ಲಿ, ಅಂದ್ರೆ ಇಗರ್ಜಿಯ ನಮ್ಮ ಕೇರಿಯಲ್ಲಿ, ಪ್ರಾಯ ಆದವರು ಇರುವ ಮನೆ ಎಷ್ಟುಂಟು ಅಂತ ಎಣಿಸ್ಲಿಕ್ಕೆ ತಂಗಿ ಬೆನೆಡಿಕ್ಟಾಳಿಗೆ ಹೇಳಿದ್ದೆ. ಇಪ್ಪತ್ತೇಳು ಉಂಟಂತೆ. ಒಂದಕ್ಕೂ ಮಹಡಿ ಇಲ್ಲ. ಆರಾಮಲ್ಲಿ ತಟ್ಟಬಹುದು.”