ಬಿಡುಗಡೆಯ ನಂತರ ತಿಮ್ಮಣ್ಣ

ಶಹಾಪುರದ ಕಾಲೇಜಿನಲ್ಲಿ ಚರಿತ್ರೆ ಕಲಿಸುವವನು ನಾನು. ಈ ಊರಿನಲ್ಲಿ ಜೀತಕ್ಕಿದ್ದವರ ಕಥೆ ಕೇಳಲು ಹಣಮಮ್ಮನ ಮನೆಗೆ ಹೋಗಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸು. ನಾನು ಬಂದ ಕಾರಣ ಕೇಳಿ ಚಪ್ಪಲಿ ಮೆಟ್ಟಿದಳು.

“ಕುಂತು ಹೇಳೂ ಮಾತಲ್ಲರಿ ಸರ. ನಡೀರಿ, ತೋರಸ್ತೀನಿ.”

ಮೊದಲು ನಿಂತದ್ದು ಗೌಡರ ಹಳೇ ವಾಡೆಯ ಮುಂದೆ. ಅರ್ಧ ಕೆಡವಿ ಗೊಬ್ಬರದಂಗಡಿ ಮಾಡಿದ್ದಾರೆ. ತಾಯಿ ಸತ್ತ ವರ್ಷ ಅವಳ ಅಪ್ಪ ಇಲ್ಲಿಂದ ಎರಡು ಚೀಲ ಜೋಳ ಒಯ್ದು, ಒಂಬತ್ತು ವರ್ಷದ ಮಗ ತಿಮ್ಮಣ್ಣನನ್ನು ಜೀತಕ್ಕೆ ಬಿಟ್ಟುಹೋಗಿದ್ದ. ಹಣಮಮ್ಮನಿಗೆ ಇದ್ದವನು ಅವನೊಬ್ಬನೇ ಅಣ್ಣ. ಮುಂದೆ ಜೀತ ಕೂಡದೆಂದು ಸರಕಾರ ಕಾಯ್ದೆ ಮಾಡಿತು. ಅದು ವಾಡೆಯೊಳಗೆ ಕೇಳಿಸಲಿಲ್ಲ. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲಂತೂ ಅವನಿಗೆ ಮೈ ಒಣಗಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ.

ನಾಟಿಗೆ ಹೋದಲ್ಲಿ ಕಾಯ್ದೆಯ ಸುದ್ದಿ ಹಣಮಮ್ಮನ ಕಿವಿಗೆ ಬಿತ್ತು. ಅಣ್ಣನನ್ನು ಬಿಡಿರೆಂದು ಕೇಳಿದಳು.

“ಬಿಟ್ರ ಎಲ್ಲಿ ಹೋಗ್ತಾನವ್ವ? ಅವನ್ನ ಕೇಳು” ಅಂದ ಗೌಡ. ತಿಮ್ಮಣ್ಣ ನೆಲ ನೋಡುತ್ತ ನಿಂತಿದ್ದ.

ಅಲ್ಲಿಂದ ತರಕಾರಿ ಪೇಟೆ ದಾಟಿ ಹಳೇ ತಾಲ್ಲೂಕು ಕಚೇರಿಗೆ ಬಂದೆವು. ಗಂಡನನ್ನೋ ಮಗನನ್ನೋ ಜೀತಕ್ಕೆ ಕೊಟ್ಟಿದ್ದ ಆರು ಹೆಂಗಸರನ್ನು ಕಟ್ಟಿಕೊಂಡು ಅವಳು ಇದೇ ದಾರಿಯಲ್ಲಿ ನಡೆದಿದ್ದಳು. “ಇಲ್ಲೇ ಬೇವಿನ ಗಿಡದ ಬುಡಕ್ಕ ಹನ್ನೊಂದು ದಿನ ಕುಂತ್ವಿರಿ. ಗೌಡನ ಮಂದಿ ಬಂದು ಅಂಬಲಿ ಗಡಿಗಿ ಒಡದ್ರು. ಆದ್ರೂ ಏಳಲಿಲ್ಲ.”

ಕೊನೆಗೆ ಅಧಿಕಾರಿ ಖುದ್ದು ವಾಡೆಗೆ ಹೋಗಿ ಎಲ್ಲರನ್ನೂ ಬಿಡಿಸಿದ. ಅಂದು ಅವಳು ಅಣ್ಣನಿಗೆ ಬಿಸಿನೀರು ಹಾಕಿ, ಹೋಳಿಗೆ ಮಾಡಿ ಉಣಿಸಿದಳು. ಬೆಳಗಾದರೆ ಹಾಸಿಗೆ ಖಾಲಿ. ಹುಡುಕಿದರೆ ತಿಮ್ಮಣ್ಣ ವಾಡೆಯ ಮುಚ್ಚಿದ ಬಾಗಿಲ ಮುಂದೆ ಕುಳಿತಿದ್ದ.

“ಯಣ್ಣಾ, ಬಾ ಮನಿಗಿ.”

“ದನಕ್ಕ ನೀರ ಕುಡಸೂ ಹೊತ್ತಾತವ್ವ.”

ಹೀಗೇ ಎರಡು ವರ್ಷ. ಕರೆತಂದಳು, ಬೈದಳು, ಒಮ್ಮೆ ಕಾಲು ಹಿಡಿದು ಅತ್ತಳು. ಅವನು ಮತ್ತೆ ಹೋದ. ಒಂದು ಮಳೆಗಾಲದ ಮಧ್ಯಾಹ್ನ ರೊಟ್ಟಿ ಕೊಡಲು ಹೋದಾಗ ಬಾಗಿಲಿಗೊರಗಿದ ಮೈ ತಣ್ಣಗಿತ್ತು. ಒಳಗಿಂದ ಗೌಡತಿ ಹಂಪಮ್ಮ ಹೊಸ ಧೋತರ ಕಳಿಸಿದಳು. ಹಣಮಮ್ಮ ಅದನ್ನು ಹೊಸ್ತಿಲ ಮೇಲಿಟ್ಟು, ತನ್ನ ಸೀರೆಯಲ್ಲೇ ಅಣ್ಣನನ್ನು ಸುತ್ತಿ ಮಣ್ಣು ಮಾಡಿದಳು.

“ಉಳಿದವರು?” ಎಂದು ಕೇಳಿದೆ.

“ಬದುಕಿದ್ರು. ಒಬ್ಬ ಗ್ವಾಡಿ ಕಟ್ಟೂ ಗೌಂಡಿ ಆದ, ಒಬ್ಬ ವರ್ಷಕ್ಕಿಷ್ಟಂತ ರೊಕ್ಕ ಕೊಟ್ಟು ಹೊಲಾ ಲಾವಣಿ ಹಿಡದ. ನಮ್ಮಣ್ಣಗ ಮಾತ್ರ ಆಗಲಿಲ್ಲ.”

ಊರ ಹೊರಗೆ ಸಮಾಧಿ ತೋರಿಸಲು ಕರೆದೊಯ್ದಳು. ಕಾಲುವೆ ಅಗಲ ಮಾಡಿದಾಗ ಆ ಜಾಗ ಹೋಗಿತ್ತು. ದಂಡೆಯ ಮೇಲೆ ನಿಂತು, ಹರಿಯುವ ಕೆಂಪು ನೀರಿನ ಕಡೆ ಕೈ ಮಾಡಿದಳು.

“ಇಲ್ಲೇ ಎಲ್ಲೋ ಅದಾನರಿ.”