ಮಧ್ಯಾಹ್ನ ಕದಡುವ ಔಷಧಿ

ಏಪ್ರಿಲ್ ಎರಡು, ಬೆಳಿಗ್ಗೆ ಒಂಬತ್ತು ಗಂಟೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನನ್ನ ಬಾಡಿಗೆ ಕೋಣೆಯ ಕಪಾಟಿನಲ್ಲಿ ಮೊದಲ ಸೀಸೆ ಇಟ್ಟೆ. ಎರಡನೆಯದನ್ನು ಕುರುಗೋಡಿನ ಚಿಕ್ಕಮ್ಮನಿಗೂ ಮೂರನೆಯದನ್ನು ಸಿರುಗುಪ್ಪದ ಅಕ್ಕನಿಗೂ ಬಸ್ಸಿನಲ್ಲಿ ಒಯ್ದು ಕೊಟ್ಟು, ಜೋಪಾನವಾಗಿಡಿ ಎಂದೆ.

ಸೀಸೆಯಲ್ಲಿರುವುದು ಎಂ.ಫಾರ್ಮ. ಪದವಿಗಾಗಿ ನಾನು ತಯಾರಿಸುತ್ತಿರುವ ಹುಳುಕಡ್ಡಿಯ ಔಷಧಿ. ಎಣ್ಣೆ, ನೀರು, ಎರಡನ್ನೂ ಹಿಡಿದಿಡುವ ಸಾಬೂನಿನಂಥ ವಸ್ತು. ಹನಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಹಾಗಾಗಿ ದ್ರವ ತಿಳಿಯಾಗಿರುತ್ತದೆ. ಆ ಸಣ್ಣ ಹನಿಗಳೇ ಔಷಧಿಯನ್ನು ಚರ್ಮದೊಳಗೆ ಇಳಿಸಬೇಕು. ಮಾಡಿದ್ದು ಹನ್ನೊಂದು ಮಿಶ್ರಣ, ಕೆಟ್ಟದ್ದು ಹತ್ತು. ಉಳಿದ ಇದೊಂದು ಫ್ರಿಜ್ ಇಲ್ಲದ ಮನೆಯಲ್ಲೂ ಬೇಸಿಗೆ ಕಳೆಯಬೇಕೆಂದು ಗೈಡ್ ಮೇಡಂ ಹೇಳಿದ್ದರು.

"ಕದಡಿದ್ರೆ ಬಿಟ್ಟುಬಿಡಮ್ಮ. ಮೊದಲಿಂದ ಶುರು ಮಾಡು."

ಮೊದಲಿಂದ ಎಂದರೆ ಇನ್ನೊಂದು ವರ್ಷ. ನನಗೆ ಆ ಶಕ್ತಿ ಉಳಿದಿಲ್ಲ.

ಹದಿಮೂರರಂದು ನೋಡಿದೆ. ನನ್ನ ಕೋಣೆಯದು ಮಧ್ಯಾಹ್ನಕ್ಕೆ ಅಕ್ಕಿ ತೊಳೆದ ನೀರಿನಂತಾಗಿತ್ತು. ಕುರುಗೋಡಿನದೂ ಹಾಗೆಯೇ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರು. ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಅಲ್ಲಿಯದು ಮಾತ್ರ ತಿಳಿಯಾಗಿತ್ತು.

"ಅಕ್ಕಾ, ಇದನ್ನ ಎಲ್ಲಿಟ್ಟಿದ್ದಿ?"

"ಗಡಿಗಿ ಬಾಜೂಕ, ಹಸಿ ಉಸುಕಿನ್ಯಾಗ. ಈ ಬಿಸಲಾಗ ಔಷಧಿ ಹೊರಗ ಬಿಡ್ತಾರೇನ್ಲೇ?"

ಆ ಮನೆಯಲ್ಲಿ ಜೋಪಾನ ಮಾಡುವ ವಸ್ತುವೆಲ್ಲ ನೀರಿನ ಗಡಿಗೆಯ ಬುಡಕ್ಕೇ ಹೋಗುತ್ತದೆ. ಬೇಸಿಗೆಯ ಕಾವೇ ತಾಗದೆ ಅಲ್ಲಿಯ ಸೀಸೆಯ ಪರೀಕ್ಷೆ ಹಾಳಾಗಿತ್ತು. ಬೈಯಲು ಬಾಯಿ ಬರಲಿಲ್ಲ. ಗದ್ದೆ ಕೆಲಸದ ಬೆವರಿಗೆ ಅಕ್ಕನ ಸೊಂಟದ ಸುತ್ತ, ಸೀರೆ ಬಿಗಿಯುವಲ್ಲೇ ಹುಳುಕಡ್ಡಿ ಹಬ್ಬಿದೆ.

"ಹಚ್ಚಿಕೊಳ್ಳಾಕ ಕೊಡ್ತೀಯೋ, ಬರೇ ಕಾಯಾಕೋ?"

"ಇನ್ನೂ ಪರೀಕ್ಷಾ ಆಗಿಲ್ಲಕ್ಕಾ. ಹಚ್ಚಬ್ಯಾಡ."

"ಪಾಸಾಗಬೇಕಾದ್ದು ನೀನೋ, ಔಷಧೀನೋ?" ಎಂದು ನಕ್ಕು, ಸೆರಗಿನ ಮರೆಯಲ್ಲಿ ಕೆರೆದುಕೊಂಡಳು.

ಹದಿನಾಲ್ಕರ ಬೆಳಿಗ್ಗೆ ಆರಕ್ಕೆ ಎದ್ದಾಗ ಕೌಲ್ ಬಜಾರಿನ ಸೀಸೆ ತಾನಾಗಿಯೇ ತಿಳಿಯಾಗಿತ್ತು. ಮಧ್ಯಾಹ್ನ ಮತ್ತೆ ಕದಡಿತು. ಅಂದಿನಿಂದ ದಿನವೂ ಇದೇ. ಮೇಡಂಗೆ ತೋರಿಸಿದೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕೆಟ್ಟಿದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ತಿಂಗಳ ಕೊನೆಗೆ ನೀನೇ ಹೇಳಬೇಕು" ಎಂದರು.

ಬಿಸಿಗೆ ಕದಡಿ ತಂಪಿಗೆ ತಿಳಿಯಾಗುವ ಇಂಥ ಮಿಶ್ರಣದಲ್ಲಿ ಔಷಧಿ ಸರಿಯಾಗಿ ಉಳಿದಿರುತ್ತದೆಯೇ? ಮಧ್ಯಾಹ್ನದ ಹೊತ್ತಿನಲ್ಲಿ ಹಚ್ಚಿದರೂ ಚರ್ಮಕ್ಕೆ ಇಳಿಯುತ್ತದೆಯೇ? ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಇದನ್ನು ಚೆಲ್ಲಬೇಕಾದರೂ ಕಾರಣ ತಿಳಿದು ಚೆಲ್ಲುತ್ತೇನೆ.